ನೆಲೆ ತಪ್ಪಿದ ಬಸಿರು

‘ಸಾಹಿತ್ಯ ಸಂಘದ ಪತ್ರಿಕೆಗೆ ಇಂಥ ವಿಷಯ ಬೇಕಾ?’ ಅಂತ ಸಂಪಾದಕ ಮಿತ್ರರು ಕೇಳಿದರು. ಕೇಳಲಿ, ಅದು ಅವರ ಹಕ್ಕು. ನಾನು ಅವರಿಗೆ ಕಳೆದ ಸಂಚಿಕೆಯನ್ನೇ ತೆಗೆದು ತೋರಿಸಿದೆ. ಹದಿನಾಲ್ಕು ಪದ್ಯಗಳು. ಐದರಲ್ಲಿ ‘ಒಡಲು’ ಬರುತ್ತದೆ. ತಾಯ ಒಡಲು, ಇಳೆಯ ಒಡಲು, ಕವಿಯ ಒಡಲು. ಒಂದರಲ್ಲಂತೂ ಕಡಲಿಗೂ ಒಡಲು, ಪ್ರಾಸಕ್ಕೆ ಬೇಕಲ್ಲ! ಒಡಲಿನ ಬಗ್ಗೆ ಇಷ್ಟೆಲ್ಲ ಹಾಡುವ ನಾವು, ಆ ಒಡಲಿನೊಳಗೆ ಏನು ಕೆಟ್ಟರೆ ಒಬ್ಬ ಹೆಂಗಸು ಒಂದೇ ಸಂಜೆಯಲ್ಲಿ ಸತ್ತುಹೋಗಬಹುದು ಎಂಬುದನ್ನು ನಾಲ್ಕು ಪುಟ ಬರೆದರೆ ಸಾಹಿತ್ಯಕ್ಕೆ ಮೈಲಿಗೆಯಾಗುವುದಿಲ್ಲ ಅಂತ ನನ್ನ ಅಭಿಪ್ರಾಯ. ಮೈಲಿಗೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಅದರ ಕಥೆ ಮುಂದೆ ಬರುತ್ತದೆ.

ನಾನು ಡಾಕ್ಟರಲ್ಲ, ಡಾಕ್ಟರಿಕೆ ಓದುವವಳೂ ಅಲ್ಲ. ಬೀದರ್ ಜಿಲ್ಲೆಯವಳು, ಇಲ್ಲಿ ಕನ್ನಡ ಓದುತ್ತಿರುವವಳು. ಆದರೆ ನಮ್ಮ ಊರಿನವರ ಪಾಲಿಗೆ ನಾನು ಆಸ್ಪತ್ರೆಯ ದುಭಾಷಿ. ಬೀದರಿನಿಂದ ಬೆಂಗಳೂರು ಏಳುನೂರು ಕಿ.ಮೀ. ಹತ್ತಿರ ಹತ್ತಿರ, ಹೈದರಾಬಾದು ಸುಮಾರು 140 ಕಿ.ಮೀ. 1956ರ ತನಕ ಬೀದರ್, ಗುಲಬರ್ಗಾ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದ ಜಿಲ್ಲೆಗಳೇ. ರಾಜ್ಯ ಬದಲಾಯಿತು, ಊರುಗಳಲ್ಲಿ ಕಾಲೇಜು ಆಸ್ಪತ್ರೆಗಳೂ ಬಂದವು, ಆದರೂ ‘ದೊಡ್ಡ ದವಾಖಾನೆ’ ಅಂದರೆ ಮುದುಕರ ಬಾಯಲ್ಲಿ ಇವತ್ತಿಗೂ ಹೈದರಾಬಾದೇ. ಇಮ್ಲಿಬನ್ನಿನಲ್ಲಿ ಬಸ್ಸು ಇಳಿದು, ಇಲ್ಲವೇ ನಾಂಪಲ್ಲಿಯಲ್ಲಿ ರೈಲು ಇಳಿದು, ಫೋನು ಮಾಡುತ್ತಾರೆ: ‘ತಂಗಿ, ಅಬಿಡ್ಸಿಗೆ ಬಾರವ್ವ, ಇಲ್ಲಿ ಮಾತು ತಿಳೀವಲ್ದು.’ ನಾನು ಹೋಗುತ್ತೇನೆ. ಕನ್ನಡದಲ್ಲಿ ಕೇಳಿ ತೆಲುಗಿನಲ್ಲಿ ಹೇಳುತ್ತೇನೆ, ಉರ್ದುವಿನಲ್ಲಿ ಕೇಳಿ ಕನ್ನಡದಲ್ಲಿ ಹೇಳುತ್ತೇನೆ. ಮೂರು ವರ್ಷದ ಈ ಕೂಲಿಯಿಲ್ಲದ ಉದ್ಯೋಗದಲ್ಲಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉಳಿದದ್ದು ಅಬಿಡ್ಸಿನ ಭಾನುವಾರದ ಫುಟ್‌ಪಾತ್ ಪುಸ್ತಕಗಳಿಂದ. ನಮ್ಮವರು ಅಲ್ಲಿ ಕಾಫ್ಕಾ, ಕಮೂ ಹುಡುಕುತ್ತಾರೆ. ನನಗೆ ಸಿಕ್ಕಿದ್ದು ಷಾ ಅವರ ಸ್ತ್ರೀರೋಗ ಪಠ್ಯಪುಸ್ತಕದ ಹಳೆಯ ಪ್ರತಿ, ಭಾರತೀಯ ಆವೃತ್ತಿ. ಸಂಪಾದಕರಲ್ಲಿ ಒಬ್ಬರ ಹೆಸರು ಪಡುಬಿದ್ರಿ. ಕರಾವಳಿಯ ಆ ಊರ ಹೆಸರು ಕಂಡದ್ದಕ್ಕೇ ಕೊಂಡುಕೊಂಡೆ ಅನ್ನಿ.

ಈಗ ವಿಷಯ. ಬಸಿರು ನಿಲ್ಲುವುದು ಗರ್ಭಕೋಶದಲ್ಲಿ ಅಂತ ನಮಗೆಲ್ಲ ಗೊತ್ತು. ಆದರೆ ಅದು ಮೊದಲು ಮೂಡುವುದು ಅಲ್ಲಲ್ಲ. ಗರ್ಭಕೋಶದ ಎಡಕ್ಕೊಂದು ಬಲಕ್ಕೊಂದು, ಸುಮಾರು ಹತ್ತು ಸೆಂಟಿಮೀಟರ್ ಉದ್ದದ ನಳಿಗೆಗಳಿವೆ. ಅಂಡವೂ ಬೀಜವೂ ಕೂಡುವುದು ಆ ನಳಿಗೆಯಲ್ಲಿ. ಕೂಡಿದ ಮೇಲೆ ಅದು ಮೆಲ್ಲಗೆ ಗರ್ಭಕೋಶಕ್ಕೆ ಇಳಿದು ಬಂದು, ವಾರದೊಳಗಾಗಿ ಅಲ್ಲಿ ಬೇರು ಬಿಡಬೇಕು. ದಾರಿ ಕೆಟ್ಟಿದ್ದರೆ ನಡುವೆಯೇ ಸಿಕ್ಕಿಕೊಂಡು ಅಲ್ಲೇ ಬೇರು ಬಿಡುತ್ತದೆ. ಹಳೆಯ ಸೋಂಕಿನಿಂದ, ನಮ್ಮ ದೇಶದಲ್ಲಿ ಕ್ಷಯದಿಂದಲೂ, ಹಿಂದೆ ಆದ ಆಪರೇಷನ್ನಿನಿಂದಲೂ ದಾರಿ ಕೆಡಬಹುದು. ಏನೂ ಕಾರಣ ಸಿಗದೆಯೂ ಆಗುವುದುಂಟು. ನೂರು ಬಸಿರಿನಲ್ಲಿ ಒಂದೋ ಎರಡೋ ಹೀಗೆ. ಇವುಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ನಳಿಗೆಯಲ್ಲೇ.

ಗರ್ಭಕೋಶ ಹಿಗ್ಗುತ್ತದೆ, ಅದರ ಹುಟ್ಟೇ ಹಿಗ್ಗುವುದಕ್ಕೆ. ನಳಿಗೆಗೆ ಆ ಶಕ್ತಿ ಇಲ್ಲ. ಆರೋ ಎಂಟೋ ಹತ್ತೋ ವಾರಕ್ಕೆ ಅದು ಒಡೆಯುತ್ತದೆ. ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ. ಹೊರಗೆ ಕಾಣುವುದು ನಾಲ್ಕು ಹನಿ ಕಲೆ ಅಷ್ಟೆ. ಕಣ್ಣಿಗೆ ರಕ್ತ ಕಾಣದೆ ರಕ್ತ ಹೋಗಿ ಸಾಯುವುದು ಅಂದರೆ ಇದೇ. ಆ ಕೂಸು ಉಳಿಯುವ ಮಾತಿಲ್ಲ. ತಾಯಿಯನ್ನು ಉಳಿಸಿಕೊಳ್ಳುವುದೊಂದೇ ಪ್ರಶ್ನೆ.

ಇಂಗ್ಲಿಷಿನಲ್ಲಿ ಇದನ್ನು ಎಕ್ಟೋಪಿಕ್ ಅನ್ನುತ್ತಾರೆ. ಗ್ರೀಕಿನಲ್ಲಿ ‘ಜಾಗ ಬಿಟ್ಟು ಹೊರಗೆ’ ಎಂಬ ಅರ್ಥವಂತೆ. ಕನ್ನಡದಲ್ಲಿ ‘ಅಪಸ್ಥಾನೀಯ ಗರ್ಭಧಾರಣೆ’ ಎಂಬೊಂದು ಪದ ಅಲ್ಲಲ್ಲಿ ಕಾಣಸಿಗುತ್ತದೆ. ಅದನ್ನು ಕೇಳಿದ ನಮ್ಮೂರ ಹೆಂಗಸು, ಇದು ಯಾವುದೋ ವ್ರತ ಅಂದುಕೊಂಡರೆ ಆಶ್ಚರ್ಯವಿಲ್ಲ. ನಾನು ‘ನೆಲೆ ತಪ್ಪಿದ ಬಸಿರು’ ಅನ್ನುತ್ತೇನೆ. ಯಾಕೆ ಈ ಪದ ನನ್ನ ನಾಲಿಗೆಗೆ ಬಂತು ಎಂಬುದಕ್ಕೂ ಒಂದು ಕಾರಣವಿದೆ, ಹೇಳುತ್ತೇನೆ.

ಈ ರೋಗದ ಚರಿತ್ರೆಯಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿ ಒಂದು: ಚಿಕಿತ್ಸೆ ಮೊದಲು ಬಂತು, ಪತ್ತೆ ಆಮೇಲೆ ಬಂತು. ಸುಮಾರು ಸಾವಿರ ವರ್ಷದ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಅರಬ್ಬಿ ವೈದ್ಯ ಅಲ್ ಜಹ್ರಾವಿ, ಹೊಟ್ಟೆಯ ಮೇಲಿನ ಹುಣ್ಣಿನಿಂದ ಕೂಸಿನ ಮೂಳೆ ಚೂರುಗಳು ಹೊರಬಂದ ಒಬ್ಬ ಹೆಂಗಸಿನ ಬಗ್ಗೆ ಬರೆದಿಟ್ಟ. ಅಲ್ಲಿಂದ ಒಂಬೈನೂರು ವರ್ಷ ವೈದ್ಯರು ಇದನ್ನು ನೋಡಿದ್ದು ಹೆಚ್ಚಾಗಿ ಹೆಣ ಕುಯ್ದಾಗಲೇ. 1881ರಲ್ಲಿ ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ ಎಂಬ ಸರ್ಜನ್ನನನ್ನು ಇನ್ನೊಬ್ಬ ವೈದ್ಯ ಕರೆದು, ಈಕೆಯ ನಳಿಗೆ ಒಡೆದಿದೆ, ಹೊಟ್ಟೆ ತೆರೆದು ಕಟ್ಟು ಅಂದ. ಟೇಟ್ ಒಪ್ಪಲಿಲ್ಲ. ಆಕೆ ಸತ್ತಳು. ಸತ್ತ ಮೇಲೆ ನೋಡಿದರೆ, ಒಂದು ದಾರದ ಗಂಟಿಗೆ ನಿಲ್ಲುತ್ತಿದ್ದ ರಕ್ತ. 1883ರಲ್ಲಿ ಅವನೇ ಕತ್ತಿ ಹಿಡಿದ. ಮೊದಲನೆಯವಳು ಉಳಿಯಲಿಲ್ಲ, ಆಮೇಲೆ ಬಂದವರಲ್ಲಿ ಹೆಚ್ಚಿನವರು ಉಳಿದರು. ಅದೇ ದಶಕದ ಕೊನೆಗೆ, 1888 ಮತ್ತು 1889ರಲ್ಲಿ, ನಮ್ಮ ಈ ಹೈದರಾಬಾದಿನಲ್ಲೇ ಡಾ. ಎಡ್ವರ್ಡ್ ಲಾರಿಯ ನೇತೃತ್ವದಲ್ಲಿ ಕ್ಲೋರೋಫಾರ್ಮ್ ಆಯೋಗಗಳು ಕೂತು, ಮನುಷ್ಯನನ್ನು ಸುರಕ್ಷಿತವಾಗಿ ಮಲಗಿಸುವುದು ಹೇಗೆ ಅಂತ ಲೋಕವೇ ತಿರುಗಿ ನೋಡುವಂತೆ ವಾದ ಮಾಡಿದವು. ಅಂದರೆ ನೋಡ್ರಿ, ಕುಯ್ಯುವ ಕೈಯೂ ಇತ್ತು, ಮಲಗಿಸುವ ಔಷಧವೂ ಇತ್ತು. ಒಡೆಯುವ ಮೊದಲೇ ಗುರುತು ಹಿಡಿಯುವ ದಾರಿ ಮಾತ್ರ ಇರಲಿಲ್ಲ.

ಅದು ತುಂಡು ತುಂಡಾಗಿ ಬಂತು. 1920ರ ದಶಕದ ಕೊನೆಗೆ ಬರ್ಲಿನ್ನಿನಲ್ಲಿ ಆಶ್‌ಹೈಮ್ ಮತ್ತು ಜೋಂಡೆಕ್ ಎಂಬಿಬ್ಬರು, ಬಸುರಿಯ ಮೂತ್ರವನ್ನು ಇಲಿಮರಿಗೆ ಚುಚ್ಚಿ ಅದರ ಅಂಡಾಶಯ ನೋಡಿ ಬಸಿರು ಹೇಳಿದರು. ಆಮೇಲೆ ಕಪ್ಪೆಯ ಕಾಲ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಜೊತೆಗಾರರು ಶಬ್ದದ ಅಲೆಯಿಂದ ಹೊಟ್ಟೆಯೊಳಗಿನ ಚಿತ್ರ ತೆಗೆದು ತೋರಿಸಿದರು. 1972ರಲ್ಲಿ ಅಮೆರಿಕದ ಜೂಡಿತ್ ವೈಟುಕೈಟಿಸ್ ಮತ್ತು ಸಂಗಡಿಗರು ಬಸಿರಿನ ಹಾರ್ಮೋನನ್ನು ರಕ್ತದಲ್ಲಿ ತೀರ ಸಣ್ಣ ಪ್ರಮಾಣದಲ್ಲಿದ್ದರೂ ಬೇರೆ ಮಾಡಿ ಅಳೆಯುವ ದಾರಿ ಕಂಡುಹಿಡಿದರು. 80ರ ದಶಕದಲ್ಲಿ ಯೋನಿಯ ಮೂಲಕ ನೋಡುವ ಸ್ಕ್ಯಾನು ಬಂತು. ಅದಕ್ಕೂ ಮೊದಲು ಅನುಮಾನ ಬಂದರೆ ದಪ್ಪ ಸೂಜಿ ಚುಚ್ಚಿ, ಹೆಪ್ಪುಗಟ್ಟದ ರಕ್ತ ಬರುತ್ತದೆಯೇ ಅಂತ ನೋಡುತ್ತಿದ್ದರಂತೆ. ಈಗ ಸಾಕಷ್ಟು ಬೇಗ ಗೊತ್ತಾದರೆ ಕತ್ತಿಯೂ ಬೇಡ, ಮೆಥೊಟ್ರೆಕ್ಸೇಟ್ ಎಂಬ ಇಂಜೆಕ್ಷನ್ನಿನಿಂದಲೇ ಎಷ್ಟೋ ಜನಕ್ಕೆ ವಾಸಿಯಾಗುತ್ತದೆ, ನಳಿಗೆಯೂ ಉಳಿಯುತ್ತದೆ.

ಹಾಗಾದರೆ ಇನ್ನೇನು ತಕರಾರು ಅನ್ನುತ್ತೀರಿ. ಯಂತ್ರ ಇದೆ, ರಕ್ತ ಪರೀಕ್ಷೆ ಇದೆ, ಅಬಿಡ್ಸಿನಿಂದ ಕೋಠಿಗೆ ನಡೆದುಹೋಗುವಷ್ಟರಲ್ಲಿ ಎಷ್ಟು ಸ್ಕ್ಯಾನಿಂಗ್ ಸೆಂಟರುಗಳಿವೆ ಎಣಿಸಿ ನೋಡಿ. ನನ್ನ ತಕರಾರು ಇಷ್ಟೆ: ಯಂತ್ರ ತಾನಾಗಿ ಎದ್ದು ಬರುವುದಿಲ್ಲ. ಯಾರಿಗಾದರೂ ಅನುಮಾನ ಬಂದರೆ ಮಾತ್ರ ಅದನ್ನು ಹಚ್ಚುತ್ತಾರೆ. ಅನುಮಾನ ಬರುವುದು ಒಂದು ಪ್ರಶ್ನೆಯಿಂದ. ‘ನಿನ್ನ ಮುಟ್ಟು ಯಾವಾಗ ಆಗಿತ್ತು?’ ಆ ಪ್ರಶ್ನೆ ಸರಿಯಾಗಿ ಕೇಳದಿದ್ದರೆ, ಅದಕ್ಕೆ ಸರಿಯಾದ ಉತ್ತರ ಬರದಿದ್ದರೆ, ಹೊಟ್ಟೆನೋವು ಗ್ಯಾಸ್ ಆಗುತ್ತದೆ, ಅಪೆಂಡಿಕ್ಸ್ ಆಗುತ್ತದೆ, ಮೂತ್ರದ ಸೋಂಕು ಆಗುತ್ತದೆ, ಬೇಧಿ ಆಗುತ್ತದೆ. ಪುಸ್ತಕದಲ್ಲಿ ಮೂರು ಲಕ್ಷಣ ಹೇಳಿದೆ: ಮುಟ್ಟು ತಪ್ಪಿರುವುದು, ಕೆಳಹೊಟ್ಟೆಯ ನೋವು, ಸ್ವಲ್ಪ ರಕ್ತ ಕಾಣುವುದು. ಮೂರೂ ಒಟ್ಟಿಗೆ ಇರುವುದು ಸುಮಾರು ಅರ್ಧದಷ್ಟು ಜನಕ್ಕೆ ಮಾತ್ರ ಅಂತಲೂ ಹೇಳಿದೆ. ಇನ್ನೊಂದು ವಿಚಿತ್ರ ಲಕ್ಷಣವಿದೆ, ಭುಜದ ತುದಿಯ ನೋವು. ಹೊಟ್ಟೆಯಲ್ಲಿ ತುಂಬಿದ ರಕ್ತ ಮೇಲಕ್ಕೆ ಹೋಗಿ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸುತ್ತದೆ. ಆ ವಪೆಯ ನರವೂ ಭುಜದ ನರವೂ ಕುತ್ತಿಗೆಯಲ್ಲಿ ಒಂದೇ ಜಾಗದಿಂದ ಹೊರಡುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಮಲಗಿದರೆ ಇನ್ನೂ ಜಾಸ್ತಿ. ಇದನ್ನು ತಿಳಿಯದವರು ಭುಜಕ್ಕೆ ಮುಲಾಮು ತಿಕ್ಕುತ್ತಾ ಕೂರುತ್ತಾರೆ.

ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಅಬಿಡ್ಸಿನ ಒಂದು ನರ್ಸಿಂಗ್ ಹೋಮು, ಹೆಸರು ಬೇಡ. ನಮ್ಮ ಊರಿನ ಕಡೆಯ ಒಬ್ಬ ಅಕ್ಕ, ಮೂವತ್ತರ ಒಳಗಿನ ವಯಸ್ಸು, ಎರಡು ಮಕ್ಕಳ ತಾಯಿ. ಹೊಟ್ಟೆನೋವು ಅಂತ ಮೈದುನನ ಜೊತೆ ಬಸ್ಸಿನಲ್ಲಿ ಬಂದಿದ್ದಳು. ನಾನು ಚೀಟಿ ಮಾಡಿಸುವ ಸಾಲಿನಲ್ಲಿದ್ದೆ. ತಿರುಗಿ ಬರುವಷ್ಟರಲ್ಲಿ ತೆಲುಗು ನರ್ಸಮ್ಮ ಪ್ರಶ್ನೆ ಕೇಳಿ ಬರೆದುಕೊಳ್ಳುತ್ತಿದ್ದರು. ‘ನೆಲ ತಪ್ಪಿಂದಾ ಅಮ್ಮಾ?’ ತೆಲುಗಿನಲ್ಲಿ ನೆಲ ಅಂದರೆ ತಿಂಗಳು. ತಿಂಗಳು ತಪ್ಪಿದೆಯಾ, ಅಂದರೆ ಬಸಿರಾ ಅಂತ ಕೇಳಿದ್ದು. ತುಂಬ ಮರ್ಯಾದೆಯ ಮಾತು. ನಮ್ಮ ಅಕ್ಕನ ಕಿವಿಗೆ ಬಿದ್ದದ್ದು ಕನ್ನಡದ ನೆಲ. ‘ಇಲ್ರಿ ಅಕ್ಕೋರೆ, ನಾ ಎಲ್ಲೂ ಬಿದ್ದಿಲ್ರಿ, ಕಾಲು ಜಾರಿಲ್ರಿ’ ಅಂದಳು. ನರ್ಸಮ್ಮನಿಗೆ ತಿಳಿದದ್ದು ‘ಇಲ್ಲ’ ಎಂಬುದೊಂದೇ. ಕಾಗದದ ಮೇಲೆ ಅದೇ ಇಳಿಯಿತು. ಅಕ್ಕಪಕ್ಕದ ಎರಡು ಭಾಷೆ, ಒಂದೇ ಮನೆತನದವು ಅಂತ ನಾವು ಭಾಷಾಶಾಸ್ತ್ರದ ಪರೀಕ್ಷೆಯಲ್ಲಿ ಬರೆಯುತ್ತೇವೆ. ಆ ನಂಟಸ್ತಿಕೆ ಅವತ್ತು ಒಬ್ಬ ಹೆಂಗಸಿನ ಜೀವ ತೆಗೆಯುವುದರಲ್ಲಿತ್ತು.

ನಾನು ನರ್ಸಮ್ಮನಿಗೆ ತಿಳಿಸಿ ಹೇಳಿ, ಅಕ್ಕನ ಹತ್ತಿರ ಕೂತು, ‘ಹೊರಗಾಗಿ ಎಷ್ಟ ದಿನ ಆತು ಅಕ್ಕಾ?’ ಅಂದೆ. ಆಕೆ ಮೈದುನನ ಕಡೆ ನೋಡಿ ತಲೆ ತಗ್ಗಿಸಿದಳು. ಅವನ ಎದುರಿಗೆ ಆ ಮಾತು ಹೇಗೆ ಆಡುತ್ತಾಳೆ? ಮೈಲಿಗೆಯ ಮಾತು. ಅವನನ್ನು ಚಹಾ ತರಲು ಕಳಿಸಿದ ಮೇಲೆ ಬಾಯಿ ಬಿಟ್ಟಳು. ‘ಒಂದೂವರಿ ತಿಂಗಳ ಆತು. ನಿನ್ನಿಯಿಂದ ಜರಾ ಕಲಿ ಕಾಣ್ಲತ್ತದ. ಆದ್ರ ನಂದು ಆಪರೇಷನ್ ಆಗ್ಯದಲ್ಲ ತಂಗಿ?’ ಭುಜ ನೋಯುತ್ತದೆಯಾ ಅಂತ ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಅನ್ನುವ ಹಾಗೆ ನನ್ನನ್ನೇ ನೋಡಿದಳು. ಬಸ್ಸಿನ ಸೀಟಿನಿಂದ ನೋವು ಅಂದುಕೊಂಡಿದ್ದಳಂತೆ. ಮೂತ್ರ ಪರೀಕ್ಷೆಗೆ ಐದು ನಿಮಿಷ ಹಿಡಿಯಿತು, ಎರಡು ಗೆರೆ ಬಂತು. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ, ಹೊಟ್ಟೆಯಲ್ಲಿ ರಕ್ತ. ಅದೇ ರಾತ್ರಿ ಇನ್ನೊಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಬಲಗಡೆಯ ನಳಿಗೆ ತೆಗೆದರು. ಬದುಕಿದ್ದಾಳೆ, ತೊಗರಿ ಹೊಲಕ್ಕೆ ಹೋಗುತ್ತಾಳೆ. ‘ನೆಲೆ ತಪ್ಪಿದ’ ಎಂಬ ಪದ ನನಗೆ ಸಿಕ್ಕಿದ್ದು ಆ ‘ನೆಲ ತಪ್ಪಿಂದಾ’ ಎಂಬ ಪ್ರಶ್ನೆಯಿಂದಲೇ.

ಆಕೆ ಹೇಳಿದ ‘ಆಪರೇಷನ್ ಆಗ್ಯದಲ್ಲ’ ಎಂಬ ಮಾತಿನ ಮೇಲೆ ಸ್ವಲ್ಪ ನಿಲ್ಲಬೇಕು. ಯಾಕೆಂದರೆ ಇದು ನಮ್ಮ ಸೀಮೆಯ ಮಾತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕ, ತೆಲಂಗಾಣ, ಆಂಧ್ರ ಮೂರರಲ್ಲೂ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಂತಾನಹರಣ ಚಿಕಿತ್ಸೆ ಆಗಿದೆ. ಅದೂ ಇಪ್ಪತ್ತೈದು ತುಂಬುವುದರೊಳಗೇ ಎಷ್ಟೋ ಜನಕ್ಕೆ. ಆಪರೇಷನ್ ಆದ ಮೇಲೆ ಬಸಿರು ನಿಲ್ಲುವುದು ತೀರ ಅಪರೂಪ, ನಿಜ. ಆದರೆ ಅಪ್ಪಿತಪ್ಪಿ ನಿಂತರೆ ಅದು ನಳಿಗೆಯಲ್ಲಿ ನಿಲ್ಲುವ ಸಂಭವ ಬಹಳ ಹೆಚ್ಚು. ಅಮೆರಿಕದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಹಾಗೆ ನಿಂತ 143 ಬಸಿರುಗಳಲ್ಲಿ 47 ನೆಲೆ ತಪ್ಪಿದವು. ಮೂರರಲ್ಲಿ ಒಂದು! ಅಂದರೆ ‘ಆಪರೇಷನ್ ಆಗಿದೆ’ ಎಂಬ ಉತ್ತರ ಕೇಳಿದ ಕೂಡಲೇ ಬಸಿರಿನ ಯೋಚನೆ ಬಿಡುವ ಬದಲು ಇನ್ನಷ್ಟು ಹುಷಾರಾಗಬೇಕು. ಕಾಪರ್-ಟಿ ಹಾಕಿಸಿಕೊಂಡವರ ಕಥೆಯೂ ಇದೇ. ಬಸಿರು ಅಪರೂಪ, ನಿಂತರೆ ಅನುಮಾನಿಸಬೇಕು. ಆಪರೇಷನ್ ಮಾಡಿಸುವಾಗ ಕೈಗೆ ದುಡ್ಡು ಕೊಡುವ ಸರ್ಕಾರ ಈ ಒಂದು ವಾಕ್ಯವನ್ನೂ ಬಾಯಿಬಿಟ್ಟು ಹೇಳಿ ಕಳಿಸಿದರೆ ಎಷ್ಟು ಖರ್ಚು?

ಇನ್ನೊಂದು ನಮ್ಮ ಮನೆಗಳ ರೂಢಿ. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಯಾರಿಗೂ ಹೇಳಬಾರದು, ದೃಷ್ಟಿಯಾಗುತ್ತದೆ. ನಳಿಗೆ ಒಡೆಯುವುದೂ ಸರಿಯಾಗಿ ಆ ಮೂರು ತಿಂಗಳಲ್ಲೇ. ಗುಟ್ಟು ಇಟ್ಟುಕೊಂಡ ಕಾಲವೇ ಗಂಡಾಂತರದ ಕಾಲ. ತಾಯಿ ಕಾರ್ಡು, ಚುಚ್ಚುಮದ್ದು, ಸೀಮಂತ ಎಲ್ಲ ಆಮೇಲಿನ ಮಾತು. ನನಗೆ ದೃಷ್ಟಿಯ ಮೇಲೆ ಜಗಳವಿಲ್ಲ. ಊರಿಗೆಲ್ಲ ಸಾರಬೇಡಿ, ಆದರೆ ಡಾಕ್ಟರಿಗೆ ಹೇಳಿ. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಗೆ ಹೇಳಿ. ಬಸಿರು ನೋಡುವ ‘ನಿಶ್ಚಯ್’ ಕಿಟ್ಟು ಅವರ ಮೂಲಕ ಸಿಗುತ್ತದೆ.

ಅದಕ್ಕಿಂತ ಭಯಂಕರವಾದದ್ದು ಮೆಡಿಕಲ್ ಶಾಪಿನ ಗುಳಿಗೆ. ಬಸಿರು ಇಳಿಸುವ ಮಾತ್ರೆಗೆ ನಮ್ಮ ದೇಶದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಡಾಕ್ಟರ ಚೀಟಿ ಬೇಕು ಅಂತ ಕಾನೂನು. ಚೀಟಿ ಇಲ್ಲದೆಯೂ ಸಿಗುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಆ ಗುಳಿಗೆ ಗರ್ಭಕೋಶದ ಬಸಿರನ್ನು ಇಳಿಸುತ್ತದೆ, ನಳಿಗೆಯದನ್ನು ಇಳಿಸುವುದಿಲ್ಲ. ಆದರೆ ರಕ್ತಸ್ರಾವ ಮಾತ್ರ ಆಗುತ್ತದೆ! ಹೋಯಿತು, ಪೀಡೆ ಕಳೆಯಿತು ಅಂತ ಹುಡುಗಿ ನಿಟ್ಟುಸಿರು ಬಿಡುತ್ತಾಳೆ. ಒಳಗೆ ನಳಿಗೆಯಲ್ಲಿ ಅದು ಬೆಳೆಯುತ್ತಲೇ ಇರುತ್ತದೆ. ಹತ್ತು ದಿನ ಬಿಟ್ಟು ಹೊಟ್ಟೆನೋವು ಬಂದರೆ ‘ಗುಳಿಗೆಯ ನೋವು ಇರಬೇಕು’ ಅಂದುಕೊಳ್ಳುತ್ತಾಳೆ. ಗುಳಿಗೆಗೆ ಮುಂಚೆ ಬಸಿರು ಎಲ್ಲಿದೆ ಅಂತ ನೋಡಬೇಕು ಎಂಬುದರ ಅರ್ಥ ಇಷ್ಟೆ.

ಹುಡುಗಿ ಅಂದೆ. ನಮ್ಮ ಓದುಗರಲ್ಲಿ ಅರ್ಧ ಜನ ಹಾಸ್ಟೆಲಿನಲ್ಲಿರುವವರು, ಹಾಗಾಗಿ ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಮದುವೆಯಾಗದ ಹುಡುಗಿ ಹೊಟ್ಟೆನೋವು ಅಂತ ಆಸ್ಪತ್ರೆಗೆ ಹೋದರೆ ಎರಡರಲ್ಲೊಂದು ಆಗುತ್ತದೆ. ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ, ಕೇಳಿದರೆ ಅವಮಾನ ಅಂತ. ಅಥವಾ ತಾಯಿಯ ಎದುರಿಗೇ ಕೇಳುತ್ತಾರೆ, ಆಗ ಸಿಗುವ ಉತ್ತರ ಏನು ಅಂತ ಎಲ್ಲರಿಗೂ ಗೊತ್ತಿದೆ. ಪುಸ್ತಕ ಹೇಳುವುದು ಸರಳ: ಹೆರುವ ವಯಸ್ಸಿನ ಯಾವ ಹೆಂಗಸಿಗೆ ಹೊಟ್ಟೆನೋವು ಬಂದರೂ ಮೊದಲು ಬಸಿರಿನ ಪರೀಕ್ಷೆ ಮಾಡಬೇಕು. ಎಲ್ಲರಿಗೂ ಮಾಡಿದರೆ ಯಾರಿಗೂ ಅವಮಾನವಿಲ್ಲ. ಜ್ವರ ಬಂದವರಿಗೆಲ್ಲ ಥರ್ಮಾಮೀಟರ್ ಇಟ್ಟ ಹಾಗೆ. ಒಬ್ಬಳನ್ನೇ ಕೂರಿಸಿ ಕೇಳಬೇಕು, ಕೇಳಿದ್ದನ್ನು ವಾರ್ಡನ್ನಿಗೆ ಮುಟ್ಟಿಸಬಾರದು. ನೂರು ರೂಪಾಯಿಯೊಳಗಿನ ಪರೀಕ್ಷೆಯೊಂದನ್ನು ನಮ್ಮ ನೀತಿಶಾಸ್ತ್ರ ತಡೆದು ನಿಲ್ಲಿಸಿದೆ ಅಂದರೆ ಆ ನೀತಿಗೆ ಏನೆನ್ನಬೇಕು?

ಇಷ್ಟೆಲ್ಲ ಆಗಿ, ಪ್ರಶ್ನೆಯೂ ಕೇಳಿ, ಪರೀಕ್ಷೆಯೂ ಆಯಿತು ಅನ್ನಿ. ಆಗಲೂ ಉತ್ತರ ಒಂದೇ ದಿನಕ್ಕೆ ಸಿಗದಿರಬಹುದು. ಇಲ್ಲೇ ಭಾಷೆಯ ನಿಜವಾದ ಕೆಲಸ. ಐದು ವಾರಕ್ಕಿಂತ ಮುಂಚೆ ಸ್ಕ್ಯಾನಿನಲ್ಲಿ ಏನೂ ಕಾಣದಿರುವುದು ಸಹಜ. ಬಸಿರು ಇದೆ, ಎಲ್ಲಿದೆ ಗೊತ್ತಿಲ್ಲ. ತಮಾಷೆಯಲ್ಲ, ಡಾಕ್ಟರು ಹಾಗೆಯೇ ಬರೆಯುತ್ತಾರೆ. ಗರ್ಭಕೋಶದಲ್ಲಿ ನೀರು ಸೇರಿಕೊಂಡು ಸುಳ್ಳು ಚೀಲವೊಂದು ಕಂಡು ಮೋಸ ಮಾಡುವುದೂ ಉಂಟು. ಆಗ ರಕ್ತದಲ್ಲಿ ಹಾರ್ಮೋನು ಎಷ್ಟಿದೆ ಅಂತ ಅಳೆದು, 48 ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ಬಸಿರು ನೆಲೆಯಲ್ಲಿದ್ದರೆ ಅದು ಸಾಮಾನ್ಯವಾಗಿ ಎರಡು ದಿನದಲ್ಲಿ ಹತ್ತಿರ ಹತ್ತಿರ ದುಪ್ಪಟ್ಟು, ಕಡಿಮೆಯೆಂದರೂ ಅರ್ಧದಷ್ಟಾದರೂ ಏರಬೇಕು. ಏರುವುದು ಕುಂಟಿದರೆ ಅನುಮಾನ. ನೆಲೆ ತಪ್ಪಿದ ಕೆಲವು ಬಸಿರಿನಲ್ಲಿ ಅದು ಸರಿಯಾಗೇ ಏರಿ ಡಾಕ್ಟರನ್ನೂ ಏಮಾರಿಸುತ್ತದೆ, ಅದಕ್ಕೇ ಮತ್ತೆ ಸ್ಕ್ಯಾನು. ಈಗ ಯೋಚಿಸಿ. ‘ರೆಂಡು ರೋಜುಲ ತರ್ವಾತ ರಂಡಿ’ ಅಂತ ಹೇಳಿ ಕಳಿಸಿದರು. ಎರಡು ದಿನ ಬಿಟ್ಟು ಬನ್ನಿ. ಅದನ್ನು ನಮ್ಮ ಹುಮನಾಬಾದಿನ ತಾಯಿ ಹೇಗೆ ಅರ್ಥ ಮಾಡಿಕೊಳ್ಳುತ್ತಾಳೆ? ‘ಏನೂ ಇಲ್ಲಂತ, ಬೇಕಾದ್ರ ಮತ್ತ ಬರ್ರಿ ಅಂದಾರ.’ ಬಸ್ಸು ಹತ್ತಿ ಊರಿಗೆ ಹೋಗುತ್ತಾಳೆ. ಮತ್ತೆ ಬರಲು ಇನ್ನೊಂದು ದಿನದ ಕೂಲಿ, ಬಸ್ಸಿನ ಖರ್ಚು, ಅತ್ತೆಯ ಒಪ್ಪಿಗೆ. ಎರಡನೆಯ ರಕ್ತ ಪರೀಕ್ಷೆಯಿಲ್ಲದೆ ಮೊದಲನೆಯದು ಬರೀ ಒಂದು ಅಂಕಿ. ‘ಈಗ ಗೊತ್ತಾಗಿಲ್ಲ, ಅಪಾಯ ಇರಬಹುದು, ನೋವು ಹೆಚ್ಚಾದರೆ, ತಲೆಸುತ್ತು ಬಂದರೆ, ಭುಜ ನೋಯ್ದರೆ ರಾತ್ರಿಯಾದರೂ ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡು’ ಎಂಬ ನಾಲ್ಕು ಮಾತು ಆಕೆಯ ಭಾಷೆಯಲ್ಲಿ ಹೇಳದಿದ್ದರೆ, ಕೋಟಿ ರೂಪಾಯಿಯ ಯಂತ್ರವೂ ಅಷ್ಟೇ, ಗೋಡೆಯ ಕ್ಯಾಲೆಂಡರೂ ಅಷ್ಟೇ.

ಗೆಳೆಯರೊಬ್ಬರು ವಾದಿಸಿದರು: ಹೈದರಾಬಾದಿನ ಡಾಕ್ಟರರು ಕನ್ನಡ ಕಲಿಯಬೇಕು ಅನ್ನುತ್ತೀಯಾ? ಇಲ್ಲಪ್ಪ. ಬೆಂಗಳೂರಿನ ಆಸ್ಪತ್ರೆಯಲ್ಲಿ ಕನ್ನಡವೇ ಮಾತೃಭಾಷೆಯಾದ ಡಾಕ್ಟರರು ಕನ್ನಡದ ಹೆಂಗಸಿಗೆ ‘ಎಲ್‌ಎಂಪಿ ಯಾವಾಗಮ್ಮಾ’ ಅಂತ ಕೇಳುತ್ತಾರೆ. ಭಾಷೆ ಗೊತ್ತಿದ್ದೂ ಮಾತು ಗೊತ್ತಿಲ್ಲ. ಇದೇ ಊರಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕಾಗಿ 1917ರಲ್ಲಿ ಅನುವಾದ ಇಲಾಖೆ, ದಾರುಲ್ ತರ್ಜುಮಾ, ತೆರೆದು, ವೈದ್ಯಶಾಸ್ತ್ರವನ್ನೂ ಉರ್ದುವಿಗೆ ತಂದು ಉರ್ದುವಿನಲ್ಲೇ ಕಲಿಸಿದರು. ದೇಶಭಾಷೆಯಲ್ಲಿ ಡಾಕ್ಟರಿಕೆ! ನಾನು ಅದಕ್ಕೆ ಕೈಮುಗಿಯುತ್ತೇನೆ. ಆದರೆ ಪದಗಳನ್ನು ಕಟ್ಟಿದ್ದು ಹೆಚ್ಚಾಗಿ ಅರಬ್ಬಿ, ಫಾರಸಿಯಿಂದ, ಮತ್ತು ಅಂದಿನ ಹೈದರಾಬಾದ್ ರಾಜ್ಯದ ಹೆಚ್ಚಿನ ಜನ ಆಡುತ್ತಿದ್ದದ್ದು ತೆಲುಗು, ಮರಾಠಿ, ಕನ್ನಡ. ನಮ್ಮ ಪಂಡಿತರು ಈಗ ಸಂಸ್ಕೃತದಿಂದ ಅದೇ ಕೆಲಸ ಮಾಡುತ್ತಾರೆ. ಪದ ಗ್ರಂಥದಲ್ಲಿ ಕೂರುತ್ತದೆ, ನೋವು ಬಸ್‌ಸ್ಟ್ಯಾಂಡಿನಲ್ಲಿ ಕೂರುತ್ತದೆ.

ಬೇರೆ ದಾರಿ ಇಲ್ಲವೆಂದಲ್ಲ. ಅನುಪಮಾ ನಿರಂಜನ ಡಾಕ್ಟರೂ ಹೌದು, ಕಾದಂಬರಿಕಾರ್ತಿಯೂ ಹೌದು. ‘ದಾಂಪತ್ಯ ದೀಪಿಕೆ’, ‘ತಾಯಿ–ಮಗು’, ‘ಕೇಳು ಕಿಶೋರಿ’ ಬರೆದಾಗ ಮನೆಯ ಹೆಂಗಸಿಗೆ ತಿಳಿಯುವ ಕನ್ನಡದಲ್ಲಿ ದೇಹದ ಬಗ್ಗೆ ಬರೆದರು. ಅವರು ತೀರಿಕೊಂಡದ್ದು 1991ರಲ್ಲಿ. ನಮ್ಮ ಸಂಘದಲ್ಲಿ ಅವರ ಕಾದಂಬರಿಗಳ ಮೇಲೆ ಪ್ರಬಂಧ ಮಂಡಿಸಿದವರಿದ್ದಾರೆ, ಈ ಪುಸ್ತಕಗಳನ್ನು ಮುಟ್ಟಿದವರು ಕಾಣೆ. ಅವು ಸಾಹಿತ್ಯದ ಲೆಕ್ಕಕ್ಕೆ ಬರುವುದಿಲ್ಲವಂತೆ! ನನಗೇನೋ ಅವರ ಹತ್ತು ಕಾದಂಬರಿಗಿಂತ ಆ ಮೂರು ಪುಸ್ತಕಗಳೇ ಗಟ್ಟಿ ಅನ್ನಿಸುತ್ತದೆ. ಜಗಳ ಆಡುವವರು ಮುಂದಿನ ಸಂಚಿಕೆಗೆ ಬರೆಯಿರಿ.

ನಾನು ಕೇಳುವುದು ದೊಡ್ಡದೇನಲ್ಲ. ಒಂದೇ ಹಾಳೆ. ಎಡಕ್ಕೆ ನಮ್ಮ ಕಡೆಯ ಕನ್ನಡ, ಬಲಕ್ಕೆ ಅದೇ ಮಾತು ತೆಲುಗು, ಉರ್ದುವಿನಲ್ಲಿ. ಓದು ಬರದವರಿಗೆ ಜೊತೆಯಲ್ಲಿ ಬಂದವರು ಓದಿ ಹೇಳಲಿ, ಮೈದುನನಲ್ಲ, ಹೆಂಗಸರು ಯಾರಾದರೂ. ಅಬಿಡ್ಸ್, ಕೋಠಿ, ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆಗಳಲ್ಲಿ, ಕಾಚಿಗುಡದ ನಮ್ಮ ಕನ್ನಡಿಗರ ಅಂಗಡಿಗಳಲ್ಲಿ ಇಡೋಣ. ಕರಡು ಮಾಡಿದ್ದೇನೆ. ಒಂಬತ್ತು ಪ್ರಶ್ನೆಗಳಾಗಿವೆ. ‘ಹೊರಗಾಗಿ ಎಷ್ಟು ದಿನ ಆಯ್ತು, ಹೋದ ಸಲ ಎಂದಿನಂತೆ ಆಗಿತ್ತೋ ಬರೀ ಕಲೆಯೋ’ ಎಂಬುದು ಮೊದಲನೆಯದು. ಯಾಕೆಂದರೆ ಎಷ್ಟೋ ಸಲ ಆ ಕಲೆಯನ್ನೇ ಮುಟ್ಟು ಅಂತ ಲೆಕ್ಕ ಹಾಕಿ ಹೇಳುತ್ತಾರೆ. ‘ಆಪರೇಷನ್ ಆಗಿದ್ದರೂ ಹೇಳಿ’ ಎಂಬುದು ಮೂರನೆಯದು. ‘ಯಾವುದಾದರೂ ಗುಳಿಗೆ ತಗೊಂಡಿದೀರಾ, ಬೈಯುವುದಿಲ್ಲ’ ಎಂಬುದು ಐದನೆಯದು. ಆ ‘ಬೈಯುವುದಿಲ್ಲ’ ಎಂಬುದನ್ನು ಆಸ್ಪತ್ರೆಯವರು ಪಾಲಿಸುತ್ತಾರೋ ಇಲ್ಲವೋ, ನಾವಂತೂ ಬರೆದಿಡೋಣ.

ಏಳನೆಯದರಲ್ಲಿ ತಕರಾರು ಬಿದ್ದಿದೆ. ನಾನು ‘ತಲೆ ಸುತ್ತು ಬರುತ್ತದೆಯೇ’ ಅಂತ ಬರೆದಿದ್ದೆ. ಕಲಬುರಗಿಯ ಗೆಳತಿ, ನಮ್ಮಲ್ಲಿ ‘ಚಕ್ಕರ್’ ಅಂದರೇನೇ ತಿಳಿಯುವುದು ಅನ್ನುತ್ತಾಳೆ. ರಾಯಚೂರಿನವನು, ಚಕ್ಕರ್ ಅಂದರೆ ಸುಮ್ಮನೆ ಬಿಸಿಲಿಗೆ ಬರುವುದು, ಇಲ್ಲಿ ಬೇಕಾದದ್ದು ‘ಕಣ್ಣಿಗೆ ಕತ್ತಲೆ ಕಟ್ಟುವುದು’ ಅನ್ನುತ್ತಾನೆ. ಮೂರನ್ನೂ ಹಾಕಿದರೆ ಹಾಳೆ ಎರಡಾಗುತ್ತದೆ. ಭುಜದ ತುದಿಗೂ ಪದ ಸಿಕ್ಕಿಲ್ಲ. ‘ಹೆಗಲು’ ಅಂದರೆ ಕೆಲವರು ಬೆನ್ನು ಮುಟ್ಟಿ ತೋರಿಸುತ್ತಾರೆ, ‘ರಟ್ಟೆ’ ಅಂದರೆ ತೋಳಿಗೆ ಹೋಗುತ್ತಾರೆ. ಕೂಸನ್ನು ಕೂರಿಸಿಕೊಂಡು ಜಾತ್ರೆ ತೋರಿಸುವ ಜಾಗ ಅಂತ ಬರೆಯೋಣವೇ ಎಂದು ಯೋಚಿಸುತ್ತಿದ್ದೇನೆ. ನಿಮ್ಮ ಊರಿನಲ್ಲಿ ಏನನ್ನುತ್ತಾರೆ, ಅಮ್ಮನನ್ನೋ ಅಜ್ಜಿಯನ್ನೋ ಕೇಳಿ ಒಂದು ಚೀಟಿಯಲ್ಲಿ ಬರೆದು ಸಂಘದ ಪೆಟ್ಟಿಗೆಗೆ ಹಾಕಿ.